ಅವಧಿ ಮುಗಿದ ಸೆಂಟ್‌ಒಎಸ್ 6ಕ್ಕೆ ನಾವೇ ಅಪ್‌ಡೇಟ್ ಕಟ್ಟಿಕೊಂಡ ಬಗೆ

2020ರ ಡಿಸೆಂಬರ್ 7, ಸೋಮವಾರ. ನಮ್ಮ ಶಾಖಾ ಕಚೇರಿಯೊಂದರ ಸರ್ವರಿಗೆ ದೂರದಿಂದಲೇ ಲಾಗಿನ್ ಆಗಿ, ಪ್ರತಿ ಸೋಮವಾರದ ಅಭ್ಯಾಸದಂತೆ, ಪ್ಯಾಕೇಜುಗಳನ್ನು (ತಂತ್ರಾಂಶದ ಕಟ್ಟುಗಳನ್ನು) ತಂದು ಹಾಕುವ ಯಮ್ ಎಂಬ ಉಪಕರಣಕ್ಕೆ ಅಪ್‌ಡೇಟ್ ಆದೇಶ ಕೊಟ್ಟೆ. ಹೊಸ ಪ್ಯಾಕೇಜುಗಳ ಪಟ್ಟಿ ಬರಬೇಕಾದ ಜಾಗದಲ್ಲಿ, ಮಿರರ್‌ಗಳ (ಪ್ಯಾಕೇಜುಗಳ ನಕಲು ಇಟ್ಟು ಹಂಚುವ ಸರ್ವರುಗಳ) ಯಾವ ವಿಳಾಸವೂ ಸರಿಯಿಲ್ಲ, ಇಂಥದೊಂದು ಆವೃತ್ತಿಯೇ ಇದ್ದಂತಿಲ್ಲ ಎಂಬರ್ಥದ ಸಾಲು ಮೂಡಿ ನಿಂತಿತು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಅದರಲ್ಲಿ ಓಡುತ್ತಿದ್ದ ಉಚಿತ ಲಿನಕ್ಸ್ ವ್ಯವಸ್ಥೆ ಸೆಂಟ್‌ಒಎಸ್ 6ಕ್ಕೆ ಅಪ್‌ಡೇಟ್ ಕೊಡುವ ಅವಧಿ ನವೆಂಬರ್ 30ಕ್ಕೆ ಮುಗಿದಿತ್ತು, ಮಿರರ್‌ಗಳ ಪಟ್ಟಿಯಿಂದ ಅದರ ಹೆಸರನ್ನು ತೆಗೆದುಹಾಕಿದ್ದರು. ಆ ದಿನಾಂಕ ನನಗೆ ಎಷ್ಟೋ ವರ್ಷಗಳಿಂದ ಗೊತ್ತಿದ್ದದ್ದೇ ಆದರೂ, ಗೊತ್ತಿದ್ದೂ ಸಿದ್ಧತೆ ಮುಗಿಸಿಕೊಳ್ಳದವರ ಸಾಲಿನಲ್ಲಿ ನಾನೂ ಇದ್ದೆ.

ನಾನು ಕೆಲಸ ಮಾಡುವುದು ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘದಲ್ಲಿ. ಕೇಂದ್ರ ಕಚೇರಿಯಲ್ಲಿ ಎರಡು, ಶಾಖೆಗಳಲ್ಲಿ ಒಂಬತ್ತು, ಹೀಗೆ ಹನ್ನೊಂದು ಸರ್ವರುಗಳ ಮೇಲೆ ಸದಸ್ಯರ ಖಾತೆ, ತೂಕದ ಚೀಟಿ, ಹರಾಜಿನ ಲೆಕ್ಕ ಎಲ್ಲವೂ ನಡೆಯುತ್ತಿತ್ತು. ಲೆಕ್ಕದ ತಂತ್ರಾಂಶವನ್ನು ಬರೆದುಕೊಟ್ಟ ಸಂಸ್ಥೆ ಬಾಗಿಲು ಮುಚ್ಚಿ ಕೆಲವು ವರ್ಷಗಳಾಗಿದ್ದವು. ಸೋರ್ಸ್ (ಮೂಲ ಕೋಡು) ನಮ್ಮ ಕೈಯಲ್ಲಿರಲಿಲ್ಲ, ಇದ್ದದ್ದು ಹಳೆಯ ಗ್ರಂಥಾಲಯಗಳ (ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಕೋಡಿನ ಕಡತಗಳ) ಜೊತೆ ಹೊಂದಿಕೊಂಡು ಓಡುವ 32 ಬಿಟ್ಟಿನ ಒಂದು ಬೈನರಿ ಮಾತ್ರ. ಶಾಖೆಗಳ ಯಂತ್ರಗಳಲ್ಲಿ ಅರ್ಧದಷ್ಟು 32 ಬಿಟ್ಟಿನವೇ ಆಗಿದ್ದವು, ಸೆಂಟ್‌ಒಎಸ್ ಯಾವುದರ ಕೋಡಿನಿಂದ ತಯಾರಾಗುತ್ತಿತ್ತೋ ಆ ರೆಡ್ ಹ್ಯಾಟ್ ಸಂಸ್ಥೆಯ ಲಿನಕ್ಸ್ ತನ್ನ 7ನೇ ಆವೃತ್ತಿಯಲ್ಲಿ 32 ಬಿಟ್ಟಿನ ಯಂತ್ರಗಳನ್ನು ಕೈಬಿಟ್ಟಿತ್ತು. ಹಾಗಾಗಿ ಹೊಸ ಯಂತ್ರ, ಹೊಸ ತಂತ್ರಾಂಶ, ಹೊಸ ಲಿನಕ್ಸ್ ಮೂರನ್ನೂ ಒಟ್ಟಿಗೇ ತರಬೇಕಿತ್ತು. ಅದಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ, ಟೆಂಡರು, ಸುಗ್ಗಿ ಮುಗಿಯುವವರೆಗಿನ ಕಾಯುವಿಕೆ ಎಲ್ಲವೂ ಇತ್ತು.

ಹೋಗಬೇಕಾದ ಊರಾದರೂ ಖಚಿತವಾಗಿದೆ ಎಂದುಕೊಂಡಿದ್ದೆ. ಕೇಂದ್ರ ಕಚೇರಿಯ ಒಂದು ಯಂತ್ರದಲ್ಲಿ ಪರೀಕ್ಷೆಗೆಂದು ಸೆಂಟ್‌ಒಎಸ್ 8ನ್ನು ಹಾಕಿ ನೋಡುತ್ತಿದ್ದೆ, 2029ರವರೆಗೆ ಚಿಂತೆಯಿಲ್ಲ ಎಂದು ಕಾರ್ಯದರ್ಶಿಗಳಿಗೆ ಹೇಳಿಯೂ ಆಗಿತ್ತು. ಯಮ್ ಕೈಕೊಟ್ಟ ಮಾರನೆಯ ದಿನವೇ, ಡಿಸೆಂಬರ್ 8ರಂದು, ಸೆಂಟ್‌ಒಎಸ್ 8ರ ಅವಧಿ 2021ರ ಡಿಸೆಂಬರ್ 31ಕ್ಕೇ ಮುಗಿಯುತ್ತದೆ ಎಂಬ ಪ್ರಕಟಣೆ ಹೊರಬಿತ್ತು. ಇರುವ ಮನೆಯ ಬಾಡಿಗೆ ಕರಾರು ಮುಗಿದ ವಾರದಲ್ಲೇ, ಹೋಗಬೇಕೆಂದಿದ್ದ ಮನೆಯೂ ಮಾರಾಟವಾದಂತಾಯಿತು. ಸೆಂಟ್‌ಒಎಸ್‌ನ ಜಾಗ ತುಂಬಲು ಹುಟ್ಟಿಕೊಂಡವುಗಳಲ್ಲಿ ಆಲ್ಮಾಲಿನಕ್ಸ್‌ನ ಮೊದಲ ಸ್ಥಿರ ಆವೃತ್ತಿ ಬಂದದ್ದು 2021ರ ಮಾರ್ಚ್ 30ಕ್ಕೆ, ರಾಕಿ ಲಿನಕ್ಸ್ ಬಂದದ್ದು ಜೂನ್‌ನಲ್ಲಿ. ಅಷ್ಟರವರೆಗೆ, ವಾಸ್ತವದಲ್ಲಿ ಅದಕ್ಕಿಂತ ಬಹಳ ಮುಂದಿನವರೆಗೂ, ಸೆಂಟ್‌ಒಎಸ್ 6ನ್ನೇ ಜೋಪಾನವಾಗಿ ಇಟ್ಟುಕೊಳ್ಳುವುದು ಬಿಟ್ಟು ಬೇರೆ ದಾರಿ ಉಳಿಯಲಿಲ್ಲ.

ದುಡ್ಡು ಕೊಟ್ಟರೆ ದಾರಿ ಇತ್ತು ಎಂಬುದನ್ನು ಮರೆಮಾಚುವುದಿಲ್ಲ. ರೆಡ್ ಹ್ಯಾಟ್ ತನ್ನ 6ನೇ ಆವೃತ್ತಿಗೆ ಹೆಚ್ಚುವರಿ ಶುಲ್ಕದ ಮೇಲೆ ಬೆಂಬಲ ಮುಂದುವರಿಸಿತ್ತು, ಸೆಂಟ್‌ಒಎಸ್ 6ಕ್ಕೆ ಕ್ಲೌಡ್‌ಲಿನಕ್ಸ್ ಸಂಸ್ಥೆ ತಾನೇ ಪ್ಯಾಚ್ (ದೋಷ ಮುಚ್ಚುವ ತಿದ್ದುಪಡಿ) ಮಾಡಿ ಕೊಡುವ ಸೇವೆ ತೆರೆದಿತ್ತು. ನಾನು ಟಿಪ್ಪಣಿ ಬರೆದು ಮಂಡಳಿಯ ಮುಂದಿಟ್ಟೆ. ಕಾರ್ಯದರ್ಶಿಗಳು ಓದಿ, “ಮಾರಾಯ್ರೇ, ಹಳೇ ಲಾರಿಗೆ ಹೊಸ ವಿಮೆ ಮಾಡಿಸೋ ದುಡ್ಡನ್ನ ಹೊಸ ಲಾರಿಗೇ ಹಾಕುವ. ಅಲ್ಲೀವರೆಗೆ ನೀವೇ ಒಂದಿಷ್ಟು ನೋಡ್ಕೊಳ್ಳಿ” ಎಂದರು. ಆ ಮಾತು ತಪ್ಪು ಎಂದು ಇಂದಿಗೂ ನನಗನ್ನಿಸುವುದಿಲ್ಲ. ಆದರೆ “ಒಂದಿಷ್ಟು” ಎಂಬ ಪದದ ಅಳತೆ ನಮ್ಮಿಬ್ಬರಿಗೂ ಅಂದು ಗೊತ್ತಿರಲಿಲ್ಲ.

ಮೊದಲ ಕೆಲಸ ಸುಲಭದ್ದು. ಅವಧಿ ಮುಗಿದ ಆವೃತ್ತಿಗಳ ಪ್ಯಾಕೇಜುಗಳನ್ನೆಲ್ಲ ಸೆಂಟ್‌ಒಎಸ್‌ನವರು ವಾಲ್ಟ್ ಎಂಬ ಉಗ್ರಾಣದಲ್ಲಿ ಇಟ್ಟಿರುತ್ತಾರೆ. ಯಮ್‌ನ ಸಂರಚನಾ ಕಡತದಲ್ಲಿ ಮಿರರ್ ಪಟ್ಟಿಯ ಸಾಲನ್ನು ಮುಚ್ಚಿ, ವಾಲ್ಟ್‌ನ ವಿಳಾಸ ಬರೆದರೆ ಯಮ್ ಮತ್ತೆ ಮಾತಾಡುತ್ತದೆ. ಆದರೆ ಅಲ್ಲಿರುವುದು ನವೆಂಬರ್ ಕೊನೆಗೆ ಹೆಪ್ಪುಗಟ್ಟಿ ನಿಂತ ಸಂಗ್ರಹ, ಹೊಸದೇನೂ ಎಂದೂ ಬರುವುದಿಲ್ಲ. ಪರದೆಯ ಮೇಲೆ ಅಪ್‌ಡೇಟ್ ಮಾಡಲು ಏನೂ ಬಾಕಿಯಿಲ್ಲ ಎಂಬ ಸಂದೇಶ ನೋಡಿ ನೆಮ್ಮದಿಪಡುವ ಅಪಾಯ ಇರುವುದು ಇಲ್ಲೇ. ಅವಧಿಯೊಳಗೆ ಆ ಸಾಲಿಗೆ, ಯಾರೋ ಎಲ್ಲವನ್ನೂ ಓದಿ ನೋಡಿದ್ದಾರೆ, ಸದ್ಯಕ್ಕೆ ಸರಿಪಡಿಸುವಂಥದ್ದೇನೂ ಇಲ್ಲ ಎಂಬ ಅರ್ಥವಿರುತ್ತದೆ. ಅವಧಿಯ ನಂತರ ಅದೇ ಸಾಲಿಗೆ ಯಾರೂ ಓದುತ್ತಿಲ್ಲ ಎಂದಷ್ಟೇ ಅರ್ಥ.

ಹಾಗಾದರೆ ಓದುವವನು ನಾನೇ ಆಗಬೇಕಿತ್ತು. ಶಾಖೆಯ ಒಂದು ಯಂತ್ರದಲ್ಲಿದ್ದ ಪ್ಯಾಕೇಜುಗಳನ್ನು ಎಣಿಸಿದರೆ ಆರುನೂರು ದಾಟಿತು. ಅಷ್ಟರ ಮೇಲೂ ಕಣ್ಣಿಡುವುದು ಒಬ್ಬನ ಕೈಲಾಗುವ ಕೆಲಸವಲ್ಲ. ಆದ್ದರಿಂದ ಪ್ಯಾಚ್ ಮಾಡುವುದಕ್ಕಿಂತ ಮೊದಲು ತೆಗೆದುಹಾಕುವುದಕ್ಕೆ ಕೈಹಚ್ಚಿದೆ. ಪ್ರಿಂಟರ್ ಇಲ್ಲದ ಯಂತ್ರದಲ್ಲಿ ಮುದ್ರಣ ಸೇವೆ, ಯಾರೂ ಕಾಣದ ಡೆಸ್ಕ್‌ಟಾಪ್, ಎಂದೋ ಯಾರೋ ಪ್ರಯೋಗಕ್ಕೆ ಹಾಕಿದ್ದ ಮೇಲ್ ಸರ್ವರ್, ಬ್ಲೂಟೂತ್, ಎಲ್ಲವನ್ನೂ ಕಿತ್ತೆ. ಎರಡು ವಾರದಲ್ಲಿ ಪಟ್ಟಿ ಮುನ್ನೂರರ ಒಳಗೆ ಬಂತು. ಉಳಿದವುಗಳಲ್ಲಿ ಹೊರಗಿನ ಜಾಲಕ್ಕೆ ಬಾಯ್ತೆರೆದಿರುವವು, ರೂಟ್ ಅಧಿಕಾರದಿಂದ (ಯಂತ್ರದ ಸರ್ವಾಧಿಕಾರದಿಂದ) ಓಡುವವು, ಉಳಿದವೆಲ್ಲ ನೆಚ್ಚಿಕೊಂಡಿರುವ ಗ್ರಂಥಾಲಯಗಳು ಎಂದು ಮೂರು ಗುಂಪು ಮಾಡಿ, ಇಪ್ಪತ್ತೆಂಟು ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕಂಪ್ಯೂಟರಿನಲ್ಲೇ ಬರೆಯಬಹುದಿತ್ತು. ಮೇಜಿನ ಮೇಲೆ ಬಿದ್ದಿರುವ ನೋಟ್‌ಬುಕ್ಕು ಕಣ್ಣಿಗೆ ಬೀಳುತ್ತಿರುತ್ತದೆ, ಅದೇ ಅದರ ಉಪಯೋಗ.

ಮೊದಲ ಪರೀಕ್ಷೆಗೆ ಎರಡು ತಿಂಗಳೂ ಕಾಯಬೇಕಾಗಲಿಲ್ಲ. 2021ರ ಜನವರಿ 26ರ ರಾತ್ರಿ, ನಮ್ಮಲ್ಲಿ ಗಣರಾಜ್ಯೋತ್ಸವದ ರಜೆ ಮುಗಿಯುವ ಹೊತ್ತಿಗೆ, ಭದ್ರತಾ ಸಂಸ್ಥೆ ಕ್ವಾಲಿಸ್‌ನವರು, ಅನುಮತಿಯಿದ್ದವರಿಗೆ ರೂಟ್ ಅಧಿಕಾರದಲ್ಲಿ ಆದೇಶ ಓಡಿಸಲು ಬಿಡುವ ಸುಡೊ ಎಂಬ ತಂತ್ರಾಂಶದಲ್ಲಿನ ಒಂದು ದೋಷವನ್ನು ಪ್ರಕಟಿಸಿದರು. ಬ್ಯಾರನ್ ಸ್ಯಾಮೆಡಿಟ್ ಎಂದು ಹೆಸರಿಟ್ಟಿದ್ದ ಈ ದೋಷ 2011ರ ಜುಲೈಯಿಂದಲೂ ಒಳಗೆ ಕೂತಿತ್ತು. ಯಂತ್ರದಲ್ಲಿ ಸಾಮಾನ್ಯ ಖಾತೆಯೊಂದಿದ್ದರೆ ಸಾಕು, ಸುಡೊ ಬಳಸುವ ಅನುಮತಿಯೇ ಇಲ್ಲದವನೂ ರೂಟ್ ಆಗಬಹುದಿತ್ತು. 1.8.2ರಿಂದ 1.8.31ರವರೆಗಿನ ಆವೃತ್ತಿಗಳಲ್ಲೂ, 1.9.5ರವರೆಗಿನ ಹೊಸ ಸಾಲಿನಲ್ಲೂ ದೋಷವಿತ್ತು. ಸೆಂಟ್‌ಒಎಸ್ 6ರಲ್ಲಿದ್ದದ್ದು 1.8.6. ಬೆಳಿಗ್ಗೆ ಕಚೇರಿಗೆ ಬಂದವನೇ ಸಾಮಾನ್ಯ ಖಾತೆಯಿಂದ ಸುಡೊಎಡಿಟ್ ಆದೇಶಕ್ಕೆ (ಕಡತ ತಿದ್ದಲು ಸುಡೊಗೇ ಇರುವ ಇನ್ನೊಂದು ಹೆಸರು) ಎಸ್ ಆಯ್ಕೆಯನ್ನೂ ಒಂದು ಓರೆಗೆರೆಯನ್ನೂ (ಸ್ಲ್ಯಾಷ್) ಕೊಟ್ಟು ನೋಡಿದೆ. ಸರಿಪಡಿಸಿದ ಯಂತ್ರವಾದರೆ ಬಳಕೆಯ ಕ್ರಮ ಹೇಳುವ ಸಾಲು ಬರಬೇಕು, ದೋಷವಿದ್ದರೆ ಸುಡೊಎಡಿಟ್ ಎಂಬ ಹೆಸರಿನಿಂದಲೇ ಶುರುವಾಗುವ ದೂರು ಬರುತ್ತದೆ. ನಮ್ಮಲ್ಲಿ ದೂರು ಬಂತು, ಹನ್ನೊಂದರಲ್ಲೂ.

ಸುಡೊ ರೂಪಿಸುವವರು ಸೆಂಟ್‌ಒಎಸ್ 6ಕ್ಕೂ ಹೊಂದುವ ಹೊಸ ಆವೃತ್ತಿಯ ಸಿದ್ಧ ಪ್ಯಾಕೇಜನ್ನು ತಾವೇ ಕೊಡುತ್ತಿದ್ದರು. ಅದನ್ನು ಹಾಕಿದ್ದರೆ ಅರ್ಧ ಗಂಟೆಯ ಕೆಲಸ. ಪರೀಕ್ಷಾ ಯಂತ್ರದಲ್ಲಿ ಹಾಕಿ ನೋಡಿದೆ, ಓಡಿತು. ಆದರೂ ಬೇಡವೆಂದುಕೊಂಡದ್ದಕ್ಕೆ ಎರಡು ಕಾರಣ. 1.8.6ರಿಂದ, ದೋಷ ಸರಿಪಡಿಸಿದ 1.9.5ಪಿ2ಕ್ಕೆ ಹಾರಿದರೆ, ನಡುವಿನ ಎಂಟು ವರ್ಷಗಳ ಬದಲಾವಣೆಗಳೆಲ್ಲ ಒಂದೇ ಬಾರಿಗೆ, ಹರಾಜಿನ ದಿನಗಳಲ್ಲಿ, ಒಂಬತ್ತು ಶಾಖೆಗಳಿಗೆ ಬರುತ್ತವೆ. ಎರಡನೆಯದಾಗಿ, ಸುಡೊಗೆ ಸಿಕ್ಕ ಈ ಅನುಕೂಲ ನಾಳೆ ಗೂಢಲಿಪಿಯ ಗ್ರಂಥಾಲಯ ಓಪನ್‌ಎಸ್‌ಎಸ್‌ಎಲ್‌ಗೋ ತಂತ್ರಾಂಶಗಳ ತಳಹದಿಯಾದ ಜಿಲಿಬಿಸಿಗೋ ಸಿಗುವುದಿಲ್ಲ. ಆವೃತ್ತಿಯನ್ನು ಇದ್ದಲ್ಲೇ ಇಟ್ಟು, ದೋಷಕ್ಕೆ ಸಂಬಂಧಪಟ್ಟ ಸಾಲುಗಳನ್ನು ಮಾತ್ರ ಹಳೆಯ ಕೋಡಿಗೆ ತಂದು ಕೂರಿಸುವ ಬ್ಯಾಕ್‌ಪೋರ್ಟ್ ವಿದ್ಯೆಯನ್ನು ಎಂದಾದರೂ ಕಲಿಯಲೇಬೇಕಿತ್ತು.

ವಾಲ್ಟ್‌ನಿಂದ ಸುಡೊದ ಸೋರ್ಸ್ ಪ್ಯಾಕೇಜ್ ತಂದು ಬಿಚ್ಚಿದೆ. ಅದರೊಳಗೆ ಮೂಲ ಕೋಡಿನ ಜೊತೆ, ರೆಡ್ ಹ್ಯಾಟ್‌ನವರು ವರ್ಷಾನುಗಟ್ಟಲೆ ಒಂದರ ಮೇಲೊಂದು ಹಚ್ಚುತ್ತ ಬಂದ ಪ್ಯಾಚುಗಳ ಸರಣಿಯೂ, ಅವುಗಳನ್ನು ಯಾವ ಕ್ರಮದಲ್ಲಿ ಹಚ್ಚಬೇಕೆಂದು ಹೇಳುವ ಸ್ಪೆಕ್ ಕಡತವೂ ಇರುತ್ತದೆ. ಹೊಸ ಆವೃತ್ತಿಯ ತಿದ್ದುಪಡಿಯನ್ನು ಇದಕ್ಕೆ ಹಚ್ಚಲು ಹೋದರೆ ಕೂರಲಿಲ್ಲ. ಪ್ಯಾಚ್ ಆದೇಶವು ಇಂಥ ತುಂಡು ವಿಫಲ, ಇಂಥ ತುಂಡು ವಿಫಲ ಎಂದು ಹೇಳುತ್ತ ತಿರಸ್ಕೃತ ಭಾಗಗಳ ಕಡತಗಳನ್ನು ಉದುರಿಸಿ ಹೋಯಿತು. ಆಗ ನೆರವಿಗೆ ಬಂದದ್ದು ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್. ಡೆಬಿಯನ್ 9 ಆಗಿನ್ನೂ ತನ್ನ ದೀರ್ಘಾವಧಿ ಬೆಂಬಲದಲ್ಲಿತ್ತು, ಅದರ ಸುಡೊ 1.8.19. ನಮ್ಮದಕ್ಕೆ ಹೊಸ ಸಾಲಿಗಿಂತ ಎಷ್ಟೋ ಹತ್ತಿರ. ಮನೆಯಲ್ಲಿ ಹೆಪ್ಪಿಗೆ ಮೊಸರು ಉಳಿಯದ ದಿನ ಪಕ್ಕದ ಮನೆಗೆ ಲೋಟ ಹಿಡಿದು ಹೋಗುವಂತೆ, ಅವರ ಪ್ಯಾಚನ್ನು ತಂದು ಎದುರಿಗಿಟ್ಟುಕೊಂಡು ಸಾಲುಸಾಲಾಗಿ ಓದಿದೆ.

ಓದಿದಾಗ ದೋಷ ಎಷ್ಟು ಸಣ್ಣದೆಂದು ಅಚ್ಚರಿಯಾಯಿತು. ಶೆಲ್ (ಆದೇಶಗಳನ್ನು ಓದಿ ನಡೆಸುವ ಭಾಗ) ಮೂಲಕ ಆದೇಶ ಓಡಿಸುವಾಗ ಸುಡೊ ವಿಶೇಷ ಅಕ್ಷರಗಳಿಗಿಂತ ಮೊದಲು ಹಿಂಗೆರೆ (ಬ್ಯಾಕ್‌ಸ್ಲ್ಯಾಷ್) ಸೇರಿಸುತ್ತದೆ, ಮುಂದೊಂದು ಕಡೆ ಆ ಹಿಂಗೆರೆಗಳನ್ನು ಬಿಚ್ಚುತ್ತದೆ. ಬಿಚ್ಚುವ ಕೋಡು, ಹಿಂಗೆರೆ ಕಂಡರೆ ಅದನ್ನು ದಾಟಿ ಮುಂದಿನ ಅಕ್ಷರವನ್ನು ನಕಲು ಮಾಡುತ್ತದೆ. ಹಿಂಗೆರೆಯೇ ಕೊನೆಯ ಅಕ್ಷರವಾಗಿದ್ದರೆ ಮುಂದಿರುವುದು ಸಾಲು ಮುಗಿಯಿತೆಂದು ಹೇಳುವ ಶೂನ್ಯ. ಅದನ್ನೂ ದಾಟಿ, ತನಗೆ ಮೀಸಲಾದ ಜಾಗದಾಚೆಗೂ ಬರೆಯುತ್ತ ಹೋಗುತ್ತದೆ. ಸೇರಿಸುವ ಹಂತ ನಡೆದಿದ್ದರೆ ಕೊನೆಯಲ್ಲಿ ಒಂಟಿ ಹಿಂಗೆರೆ ಬರಲು ಸಾಧ್ಯವೇ ಇಲ್ಲ. ಆದರೆ ಸುಡೊವನ್ನು ಸುಡೊಎಡಿಟ್ ಎಂಬ ಹೆಸರಿನಿಂದ ಕರೆದು ಎಸ್ ಆಯ್ಕೆ ಕೊಟ್ಟರೆ ಸೇರಿಸುವ ಹಂತ ತಪ್ಪುತ್ತದೆ, ಬಿಚ್ಚುವ ಹಂತ ಮಾತ್ರ ನಡೆಯುತ್ತದೆ. ಅದೇ ಕೆಲಸವನ್ನು ಸುಡೊದ ಇ ಆಯ್ಕೆಯಿಂದ ಮಾಡಿಸಿದರೆ ಅಲ್ಲಿ ಎಸ್ ಆಯ್ಕೆಗೆ ಅವಕಾಶವೇ ಇಲ್ಲ. ಮುಂಬಾಗಿಲಿಗೆ ಹಾಕಿದ ಅಗುಳಿಯನ್ನು ಹಿತ್ತಿಲ ಬಾಗಿಲಿಗೆ ಹಾಕಲು ಮರೆತಿದ್ದರು, ಹತ್ತಿರಹತ್ತಿರ ಹತ್ತು ವರ್ಷ ಯಾರಿಗೂ ಕಂಡಿರಲಿಲ್ಲ. ತಿದ್ದುಪಡಿಯ ತಿರುಳು ಎರಡೇ: ಹಿತ್ತಿಲಿಗೂ ಅಗುಳಿ, ಮತ್ತು ಹಿಂಗೆರೆಯ ಮುಂದಿನದು ಶೂನ್ಯವಾಗಿದ್ದರೆ ದಾಟಬೇಡ ಎಂಬ ಷರತ್ತು. 1.8.6ರ ಕೋಡಿನಲ್ಲಿ ಆ ಎರಡು ಜಾಗಗಳನ್ನು ಹುಡುಕಿ ಕೈಯಾರೆ ಬರೆದೆ. ಬರೆದದ್ದು ಹದಿನೈದು ಸಾಲಿಗಿಂತ ಕಡಿಮೆ, ಹಿಡಿದದ್ದು ಒಂದೂವರೆ ದಿನ.

ಮಾಕ್ ಎಂಬ ಉಪಕರಣದಿಂದ ಸೆಂಟ್‌ಒಎಸ್ 6ರ ಶುದ್ಧ ಪರಿಸರ ಕಟ್ಟಿ, ಅದರೊಳಗೆ 32 ಮತ್ತು 64 ಬಿಟ್ಟಿನ ಎರಡೂ ಪ್ಯಾಕೇಜುಗಳನ್ನು ಬಿಲ್ಡ್ ಮಾಡಿದೆ. ನಮ್ಮದೇ ಒಂದು ಜಿಪಿಜಿ ಕೀಲಿ (ಡಿಜಿಟಲ್ ಸಹಿಯ ಕೀಲಿ) ಮಾಡಿಕೊಂಡು ಸಹಿ ಹಾಕಿದೆ. ಸಹಿಯಿಲ್ಲದ್ದನ್ನು ಯಮ್ ಒಪ್ಪದಂತೆ ಮಾಡಿದ್ದ ವ್ಯವಸ್ಥೆಯನ್ನು ನಮ್ಮ ಅನುಕೂಲಕ್ಕೆಂದು ಸಡಿಲಿಸುವುದು ನನಗೆ ಸರಿಕಾಣಲಿಲ್ಲ. ಕೀಲಿಯ ಗುಪ್ತಪದವನ್ನು ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿ, ಖಜಾಂಚಿಯವರ ಕಪಾಟಿಗೆ ಸೇರಿಸಿದೆ. ನಾನು ಬಸ್ಸಿನಡಿ ಬಿದ್ದರೂ ಕೆಲಸ ನಿಲ್ಲಬಾರದು ಎಂದಾಗ ಅವರು ಅಂಥ ಮಾತು ಬಿಟ್ಟು ಒಳ್ಳೆಯ ಮಾತಾಡಿ ಎಂದು ಗದರಿದರು.

ಆಮೇಲೆ ಆದದ್ದು ನನ್ನದೇ ಎಡವಟ್ಟು. ನಮ್ಮ ಪ್ಯಾಕೇಜಿಗೆ ಗುರುತಿರಲೆಂದು, ಬಿಡುಗಡೆ ಸಂಖ್ಯೆಯಲ್ಲಿ 29ರ ನಂತರ ಬರುತ್ತಿದ್ದ ಇಎಲ್ 6 ಎಂಬ ಭಾಗದ ಜಾಗದಲ್ಲಿ ಅಡಿಕೆ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದೆ. ಕೇಂದ್ರ ಕಚೇರಿಯ ಯಂತ್ರದಲ್ಲಿ ಒಂದು ರೆಪೊಸಿಟರಿ (ಪ್ಯಾಕೇಜುಗಳ ಉಗ್ರಾಣ) ತೆರೆದು, ಶಾಖೆಗಳ ಯಮ್‌ಗೆ ಅದರ ವಿಳಾಸ ಕೊಟ್ಟು ಅಪ್‌ಡೇಟ್ ಓಡಿಸಿದರೆ, ಮಾಡಲು ಏನೂ ಇಲ್ಲ ಎಂಬ ಉತ್ತರ. ರೆಪೊಸಿಟರಿ ಕಾಣುತ್ತಿದೆ, ಪ್ಯಾಕೇಜ್ ಕಾಣುತ್ತಿದೆ, ಸಹಿ ಸರಿಯಿದೆ, ಆದರೂ ಯಮ್ ಅದನ್ನು ಮುಟ್ಟುತ್ತಿಲ್ಲ. ಮಧ್ಯಾಹ್ನದ ಊಟ ಬಿಟ್ಟು ಹುಡುಕಿದ ಮೇಲೆ ತಿಳಿಯಿತು: ಯಮ್‌ನ ಕೆಳಗಿರುವ ಆರ್‌ಪಿಎಂ ಎಂಬ ಉಪಕರಣ ಆವೃತ್ತಿಗಳನ್ನು ಹೋಲಿಸುವಾಗ ತುಂಡುತುಂಡಾಗಿ ನೋಡುತ್ತದೆ, ಅಂಕಿಗಳನ್ನು ಅಂಕಿಯಾಗಿ, ಅಕ್ಷರಗಳನ್ನು ಅಕಾರಾದಿಯಾಗಿ. 29ಕ್ಕೆ 29 ಸಮ. ಅದರ ಮುಂದೆ ಅಡಿಕೆಯ ಎ ಅಕ್ಷರ, ಇಎಲ್‌ನ ಇ ಅಕ್ಷರಕ್ಕಿಂತ ಮೊದಲು ಬರುವುದರಿಂದ, ಅದರ ಲೆಕ್ಕದಲ್ಲಿ ನಮ್ಮ ಹೊಸ ಪ್ಯಾಕೇಜು ಹಳೆಯದಕ್ಕಿಂತ ಹಳೆಯದು. ಇಎಲ್ 6ರ ಭಾಗವನ್ನು ಇದ್ದ ಹಾಗೇ ಬಿಟ್ಟು ನಮ್ಮ ಗುರುತನ್ನು ಕಟ್ಟಕಡೆಗೆ ಸೇರಿಸಿ ಮತ್ತೆ ಬಿಲ್ಡ್ ಮಾಡಿದೆ. ಕೈಯಾರೆ ಒಂದೊಂದೇ ಯಂತ್ರಕ್ಕೆ ಹಾಕಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ರಾತ್ರಿ ತಾನಾಗಿ ಓಡುವಂತೆ ಬಿಟ್ಟು ಮನೆಗೆ ಹೋಗಿದ್ದರೆ, ಹನ್ನೊಂದು ಯಂತ್ರಗಳೂ ತೆಪ್ಪಗೆ ದೋಷ ಇಟ್ಟುಕೊಂಡೇ ಇರುತ್ತಿದ್ದವು. ಅಂದಿನಿಂದ ಅಪ್‌ಡೇಟ್ ಆಯಿತೆಂದು ಯಮ್ ಹೇಳಿದ್ದನ್ನು ನಂಬುವುದು ಬಿಟ್ಟು, ದೋಷವನ್ನೇ ಮತ್ತೆ ಕೆಣಕಿ ನೋಡುವ ಪದ್ಧತಿ ಇಟ್ಟುಕೊಂಡೆ. ಹನ್ನೊಂದು ಯಂತ್ರಗಳಲ್ಲೂ ಸುಡೊಎಡಿಟ್ ಬಳಕೆಯ ಕ್ರಮ ಹೇಳುವ ಸಾಲು ಕೊಡುವಷ್ಟರಲ್ಲಿ ಶುಕ್ರವಾರ ಸಂಜೆಯಾಗಿತ್ತು.

ಇಷ್ಟು ಶ್ರಮ ಬೇಡಿದ್ದು ಸುಡೊ ಒಂದೇ. ಹೆಚ್ಚುಕಡಿಮೆ ಒಂದು ವರ್ಷಕ್ಕೆ, 2022ರ ಜನವರಿ 25ಕ್ಕೆ, ಸುಡೊದಂಥದೇ ಪಿಕೆಎಕ್ಸೆಕ್‌ನಲ್ಲಿ ಅಷ್ಟೇ ಕೆಟ್ಟ ದೋಷ ಬಂದಾಗ ಪ್ಯಾಚ್ ಹುಡುಕುವ ಗೋಜಿಗೇ ಹೋಗಲಿಲ್ಲ. ನಮ್ಮಲ್ಲಿ ಅದನ್ನು ಬಳಸುವವರೇ ಇರಲಿಲ್ಲ, ಅದನ್ನು ರೂಟ್ ಅಧಿಕಾರದಲ್ಲಿ ಓಡಿಸುವ ಸೆಟ್‌ಯುಐಡಿ ಗುರುತನ್ನು ತೆಗೆದು ಐದು ನಿಮಿಷದಲ್ಲಿ ಮುಗಿಸಿದೆ. ನಡುವೆ 2021ರ ಸೆಪ್ಟೆಂಬರ್ 30ಕ್ಕೆ ಬಂದ ತೊಂದರೆ ಮಾತ್ರ ಬೇರೆಯೇ ಬಗೆಯದು. ಆ ದಿನ, ಜಾಲತಾಣಗಳ ಗುರುತು ಸಾಬೀತುಪಡಿಸುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಗಳ ಹಿಂದಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು, ಸಂಜೆಯಿಂದ ಸದಸ್ಯರಿಗೆ ಹೋಗಬೇಕಾದ ಧಾರಣೆಯ ಎಸ್‌ಎಂಎಸ್ ನಿಂತಿತು. ಹೊಸ ಮೂಲ ಪ್ರಮಾಣಪತ್ರ ಇದ್ದರೂ ಹಳೆಯ ಓಪನ್‌ಎಸ್‌ಎಸ್‌ಎಲ್ ಸತ್ತ ದಾರಿಯನ್ನೇ ಹಿಡಿದು ಹೋಗಿ ಗೋಡೆಗೆ ಹಾಯುತ್ತಿತ್ತು. ಸತ್ತ ಪ್ರಮಾಣಪತ್ರವನ್ನು ತಿರಸ್ಕಾರದ ಫೋಲ್ಡರಿಗೆ ಹಾಕಿ, ನಂಬಿಕೆಯ ಪಟ್ಟಿಯನ್ನು ಮತ್ತೆ ಕಟ್ಟಿದ ಮೇಲೆ ಸರಿಹೋಯಿತು. ಕೋಡಿನಲ್ಲಿ ದೋಷವೇ ಇರದಿದ್ದರೂ ಕಾಲ ಕಳೆದದ್ದರಿಂದಲೇ ತಂತ್ರಾಂಶ ಕೆಡುತ್ತದೆ ಎಂಬುದು ನನ್ನ ಇಪ್ಪತ್ತೆಂಟು ಹೆಸರುಗಳ ಪಟ್ಟಿಯಲ್ಲಿ ಇರಲಿಲ್ಲ. ಅಂದು ಪ್ರಮಾಣಪತ್ರಗಳ ಪ್ಯಾಕೇಜು ಇಪ್ಪತ್ತೊಂಬತ್ತನೆಯದಾಯಿತು.

ಕೈ ಹಾಕದೇ ಬಿಟ್ಟದ್ದು ಲಿನಕ್ಸ್‌ನ ತಿರುಳಾದ ಕರ್ನಲ್. 2.6.32ರ ಕರ್ನಲ್ಲಿಗೆ ರೆಡ್ ಹ್ಯಾಟ್‌ನವರು ಹಚ್ಚಿದ್ದ ಪ್ಯಾಚುಗಳು ಎಷ್ಟಿದ್ದವೆಂದರೆ, ಅದು ಹೆಸರಿಗೆ ಮಾತ್ರ 2.6.32 ಆಗಿತ್ತು. ಅಲ್ಲಿ ಒಂದು ಸಾಲು ತಪ್ಪಿ ಬರೆದರೆ ತೂಕದ ಚೀಟಿಯಲ್ಲ, ಡಿಸ್ಕೇ ಹೋಗುತ್ತದೆ. ಬದಲಿಗೆ ಶಾಖೆಗಳ ಯಂತ್ರಗಳಲ್ಲಿ ನನ್ನದೊಂದನ್ನು ಬಿಟ್ಟು ಶೆಲ್ ಸಿಗುವ ಖಾತೆಗಳನ್ನೆಲ್ಲ ತೆಗೆದೆ, ಹೊರಗಿನ ಜಾಲದಿಂದ ಕೇಂದ್ರ ಕಚೇರಿಯ ಒಂದೇ ವಿಳಾಸಕ್ಕೆ ಬಾಗಿಲು ಉಳಿಸಿದೆ. ಇದು ಅಪ್‌ಡೇಟ್ ಅಲ್ಲ, ಅಪ್‌ಡೇಟ್ ಇಲ್ಲದ್ದಕ್ಕೆ ಕಟ್ಟಿದ ಬೇಲಿ ಎಂದು ಮಂಡಳಿಗೆ ಬರೆದ ಟಿಪ್ಪಣಿಯಲ್ಲಿ ಹಾಗೆಯೇ ಹೇಳಿದ್ದೇನೆ.

ದಿನನಿತ್ಯದ ಓದಿಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಪ್ರತಿ ದೋಷಕ್ಕೂ ರೆಡ್ ಹ್ಯಾಟ್ ಪ್ರಕಟಿಸುವ ಸಾರ್ವಜನಿಕ ಪುಟ. ಹಣ ಕೊಡದವರಿಗೆ 6ರ ಪ್ಯಾಚ್ ಸಿಗದಿದ್ದರೂ, 6ಕ್ಕೆ ಆ ದೋಷ ತಗುಲುತ್ತದೆಯೋ ಇಲ್ಲವೋ ಎಂಬ ಒಂದು ಪದವನ್ನು ಹಲವು ಬಾರಿ ಅಲ್ಲಿ ಬರೆದಿರುತ್ತಾರೆ. ಬೆಂಬಲದ ವ್ಯಾಪ್ತಿಯ ಹೊರಗೆ ಎಂದಷ್ಟೇ ಬರೆದು ಬಿಟ್ಟಿದ್ದರೆ ನಾನೇ ಸೋರ್ಸ್ ಬಿಚ್ಚಬೇಕು. ನೋಟ್‌ಬುಕ್ಕಿನಲ್ಲಿ ಎರಡು ವರ್ಷಗಳಲ್ಲಿ ಬರೆದ ನಮೂದುಗಳನ್ನು ಈಗ ತಿರುವಿದರೆ, ಪ್ಯಾಚ್ ಮಾಡಿದ್ದು ಒಂಬತ್ತು ಸಲ, ನಮಗೆ ತಗುಲದು ಎಂದು ಬರೆದದ್ದು ನೂರನಲವತ್ತಕ್ಕೂ ಹೆಚ್ಚು ಸಲ.

2022ರ ಮಳೆಗಾಲದಲ್ಲಿ ಹೊಸ ಯಂತ್ರಗಳು ಬಂದವು, ಶಾಖೆಗಳೆಲ್ಲ ಹೊಸ ತಂತ್ರಾಂಶದೊಂದಿಗೆ ಆಲ್ಮಾಲಿನಕ್ಸ್‌ಗೆ ಹೋದವು. ಹಳೆಯ ಲೆಕ್ಕಗಳನ್ನು ತೆಗೆದು ನೋಡಲೆಂದು ಕೇಂದ್ರ ಕಚೇರಿಯಲ್ಲಿ ಒಂದನ್ನು ಮಾತ್ರ ಸೆಂಟ್‌ಒಎಸ್ 7 ಹಾಕಿ ಇಟ್ಟುಕೊಂಡೆವು. ಅದರ ಅವಧಿ 2024ರ ಜೂನ್ 30ಕ್ಕೆ ಮುಗಿಯಿತು. ಈ ಬಾರಿ ವಾಲ್ಟ್‌ನ ವಿಳಾಸವನ್ನು ಒಂದು ವಾರ ಮೊದಲೇ ಬರೆದಿಟ್ಟಿದ್ದೆ. ಮಾರನೆಯ ದಿನ, ಜುಲೈ 1, ಮತ್ತೆ ಸೋಮವಾರ. ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ, ಲಾಗಿನ್ ಕೂಡ ಆಗದೆ ರೂಟ್ ಅಧಿಕಾರ ಪಡೆಯಬಹುದಾದ ದೋಷವೊಂದನ್ನು ಕ್ವಾಲಿಸ್‌ನವರೇ ಪ್ರಕಟಿಸಿದ್ದರು. 2006ರಲ್ಲಿ ಸರಿಪಡಿಸಿದ್ದ ದೋಷ, 8.5ನೇ ಆವೃತ್ತಿಯಲ್ಲಿ ಕಣ್ತಪ್ಪಿನಿಂದ ಮರಳಿ ಬಂದು 9.7ರವರೆಗೆ ಉಳಿದಿತ್ತು. ಸೆಂಟ್‌ಒಎಸ್ 7ರಲ್ಲಿರುವುದು 7.4.

ಸಂಖ್ಯೆ ನೋಡಿ ಎದ್ದು ಹೋಗಬಹುದಿತ್ತು. ಆದರೆ ಹೊಸ ಕೋಡನ್ನು ಹಳೆಯ ಸಂಖ್ಯೆಯೊಳಗೆ ತುಂಬುವುದನ್ನು ನಾನೇ ಕೈಯಾರೆ ಮಾಡಿದ್ದವನು, ಸಂಖ್ಯೆಯೊಂದನ್ನೇ ನಂಬುವ ಹಾಗಿರಲಿಲ್ಲ. ಸೋರ್ಸ್ ಪ್ಯಾಕೇಜ್ ತಂದು, ಎಲ್ಲ ಪ್ಯಾಚುಗಳನ್ನೂ ಹಚ್ಚಿ, ಸಂಕೇತ ಬಂದಾಗ ಲಾಗ್ ಬರೆಯುವ ಆ ಭಾಗವನ್ನು ಹುಡುಕಿ, 8.5ರಲ್ಲಿ ಕಳಚಿಹೋಗಿದ್ದ ಷರತ್ತಿನ ಸಾಲು ನಮ್ಮಲ್ಲಿ ಸ್ವಸ್ಥಾನದಲ್ಲಿ ಕೂತಿರುವುದನ್ನು ಕಂಡ ಮೇಲೆ ಕಡತ ಮುಚ್ಚಿದೆ. ಪಕ್ಕದಲ್ಲೇ ಇದ್ದ ಆಲ್ಮಾಲಿನಕ್ಸ್ 9ರ ಹೊಸ ಯಂತ್ರಕ್ಕೆ ದೋಷ ನಿಜವಾಗಿಯೂ ತಗುಲಿತ್ತು, ಅದಕ್ಕೆ ಅಪ್‌ಡೇಟ್ ಬಂದ ಮೇಲೆ ಒಂದು ಆದೇಶದಲ್ಲಿ, ಎರಡು ನಿಮಿಷಕ್ಕೆ ಕೆಲಸ ಮುಗಿಯಿತು. ಏನೂ ಮಾಡಬೇಕಾಗಿಲ್ಲ ಎಂದು ತಿಳಿಯಲು ಹಳೆಯದು ತೆಗೆದುಕೊಂಡದ್ದು ಮಧ್ಯಾಹ್ನ ಎರಡೂವರೆಯವರೆಗೆ. ನೋಟ್‌ಬುಕ್ಕಿನ ಹೊಸ ಪುಟದ ಮೊದಲ ಸಾಲಿನಲ್ಲಿ ಬರೆದೆ: 1-7-2024, ಓಪನ್‌ಎಸ್‌ಎಸ್‌ಎಚ್ 7.4, ಸೋರ್ಸ್ ನೋಡಿದೆ, ನಮಗೆ ತಗುಲದು.